ಪ್ರಿನ್ಸೆಸ್ ಬೀದಿಯ ಕ್ಷೌರಿಕ ಬರೆದ ಕತ್ತಲ ತೋಟ

ಜಮೈಕಾ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಿಸಿಲು. ಬೆಂಗಳೂರಿನವರಿಗೆ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸಿಕ್ಸರ್‌ಗಳ ಸುರಿಮಳೆಗರೆದ ಕ್ರಿಸ್ ಗೇಲ್ ನೆನಪಾಗಬಹುದು. ಗೇಲ್ ಹುಟ್ಟಿದ್ದು ಆ ದ್ವೀಪದ ರಾಜಧಾನಿ ಕಿಂಗ್‌ಸ್ಟನ್‌ನಲ್ಲಿ. ಉಳಿದವರಿಗೆ ಬಾಬ್ ಮಾರ್ಲಿ, ಉಸೇನ್ ಬೋಲ್ಟ್, ನೀಲಿ ಕಡಲು, ತೆಂಗಿನ ಸಾಲು. ಅದೇ ಕಿಂಗ್‌ಸ್ಟನ್‌ನಲ್ಲಿ 1930ರ ದಶಕದಲ್ಲಿ ಕ್ಷೌರಿಕರೊಬ್ಬರು ತಮ್ಮ ದ್ವೀಪದ ಚಿತ್ರ ಬರೆಯಲು ಕುಳಿತರು. ಅವರ ಚಿತ್ರಗಳೊಳಗೆ ಬಿಸಿಲಿನ ಒಂದು ಕೋಲೂ ಬೀಳಲಿಲ್ಲ. ಕಪ್ಪು, ಬೂದಿ, ಕಪ್ಪಿಗೆ ತಿರುಗಿದ ಹಸಿರು, ನಡುನಡುವೆ ಎಲುಬಿನಂಥ ಬಿಳುಪು, ಇಷ್ಟೇ ಬಣ್ಣ. ತುದಿ ಕಡಿದ ಮರಗಳು. ಎಲ್ಲಿಗೆ ಹೋಗುತ್ತದೆಂದು ತಿಳಿಯದ ಹಾದಿ. ಮನುಷ್ಯರು ಕಾಣುವುದು ಅಪರೂಪ. ಅವರ ಹೆಸರು ಜಾನ್ ಡಂಕ್ಲಿ.

ಡಂಕ್ಲಿಯ ಹೆಸರಿನ ಹಿಂದೆ ತಪ್ಪದೆ ಬರುವ ಒಂದು ವಿಶೇಷಣವಿದೆ: ‘ಸ್ವಯಂಶಿಕ್ಷಿತ’. ಮೆಚ್ಚುಗೆಯ ಮಾತಿನಂತೆ ಕೇಳಿಸುತ್ತದೆ. ಆದರೆ ಆ ಪದವನ್ನು ಸ್ವಲ್ಪ ಕೆದಕಿದರೆ ಅದು ಕಲಾವಿದನ ಬಗ್ಗೆ ಹೇಳುವುದಕ್ಕಿಂತ ಕಲಾಶಾಲೆಗಳ ಬಗ್ಗೆ ಹೇಳುವುದೇ ಹೆಚ್ಚು ಎಂಬ ಗುಮಾನಿ ಹುಟ್ಟುತ್ತದೆ. ಡಂಕ್ಲಿ ಯಾರಿಂದಲೂ ಏನನ್ನೂ ಕಲಿಯಲಿಲ್ಲವೇ? ಕಲಿತರು, ಬೇಕಾದಷ್ಟು ಕಲಿತರು. ಕಲಿತ ಜಾಗಗಳಲ್ಲಿ ಹಾಜರಿ ಪುಸ್ತಕ ಇರಲಿಲ್ಲ, ಅಷ್ಟೆ.

ಅವರು ಹುಟ್ಟಿದ್ದು 1891ರಲ್ಲಿ, ಜಮೈಕಾದ ಪಶ್ಚಿಮ ತುದಿಯ ಸವಾನಾ-ಲಾ-ಮಾರ್ ಎಂಬ ಬಂದರು ಊರಿನಲ್ಲಿ. ಅದೇ ವರ್ಷ ದ್ವೀಪದ ಇನ್ನೊಂದು ಬದಿಯ ಕಿಂಗ್‌ಸ್ಟನ್‌ನಲ್ಲಿ ಬ್ರಿಟಿಷ್ ಆಡಳಿತ ದೊಡ್ಡದೊಂದು ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಸಿತ್ತು. ಜ್ವರ ಮತ್ತು ಸಾವಿನ ದ್ವೀಪವೆಂದು ಕೆಟ್ಟ ಹೆಸರು ಹೊತ್ತಿದ್ದ ಜಮೈಕಾವನ್ನು ಹೂಡಿಕೆದಾರರಿಗೂ ಪ್ರವಾಸಿಗರಿಗೂ ಚೆಂದವಾಗಿ ತೋರಿಸುವುದು ಅದರ ಗುರಿಗಳಲ್ಲಿ ಒಂದಾಗಿತ್ತು. ನಾವು ಇಂದು ನೆನೆಯುವ ಬಿಸಿಲ ಜಮೈಕಾ ತಯಾರಾಗತೊಡಗಿದ್ದು ಆ ಕಾಲದಲ್ಲಿ. ಅಮೆರಿಕಕ್ಕೆ ಬಾಳೆಗೊನೆ ಹೊತ್ತು ಹೋಗುವ ಹಡಗುಗಳು ಮರಳಿ ಬರುವಾಗ ಪ್ರವಾಸಿಗರನ್ನು ತುಂಬಿಕೊಂಡು ಬರುತ್ತಿದ್ದವು. ಆ ಪ್ರವಾಸಿಗರಿಗಾಗಿ ಅಂಚೆ ಕಾರ್ಡುಗಳ ಮೇಲೆ ಓರಣವಾದ ತೋಟಗಳು, ಬಾಗಿದ ತೆಂಗುಗಳು, ಹಣ್ಣಿನ ಬುಟ್ಟಿ ಹೊತ್ತ ನಗುಮುಖದ ಹೆಂಗಸರು ಅಚ್ಚಾಗುತ್ತಿದ್ದರು. ಈ ಸಂಗತಿ ನೆನಪಿರಲಿ, ಡಂಕ್ಲಿಯ ಕತ್ತಲೆಗೆ ಬರುವಾಗ ಬೇಕಾಗುತ್ತದೆ.

ಬಾಲ್ಯದಲ್ಲಿ ಕಣ್ಣಿಗೆ ಬಿದ್ದ ಪೆಟ್ಟಿನಿಂದ ಅವರ ಶಾಲೆ ಅರ್ಧಕ್ಕೇ ನಿಂತಿತು. ತಂದೆ ದುಡಿಮೆಗೆಂದು ಪನಾಮಾಕ್ಕೆ ಹೋಗಿದ್ದರು. ಹುಡುಗ ಬೆಳೆದು ಅವರನ್ನು ಸೇರಿಕೊಳ್ಳಲು ಕಡಲು ದಾಟಿದ. ತಲುಪುವಷ್ಟರಲ್ಲಿ ತಂದೆ ತೀರಿಕೊಂಡಿದ್ದರು.

ಪನಾಮಾ ಆಗ ಕೆರಿಬಿಯನ್ ದ್ವೀಪಗಳ ಬಡವರಿಗೆ ಏನಾಗಿತ್ತು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಎರಡು ಮಹಾಸಾಗರಗಳನ್ನು ಜೋಡಿಸುವ ಕಾಲುವೆಯನ್ನು ಫ್ರೆಂಚರು 1880ರ ದಶಕದಲ್ಲಿ ಅಗೆಯಲು ಹೊರಟು ಸೋತರು. 1904ರಲ್ಲಿ ಅಮೆರಿಕ ಕೈಹಾಕಿ 1914ರಲ್ಲಿ ಮುಗಿಸಿತು. ಅಗೆದ ಕೈಗಳಲ್ಲಿ ಬಹುಪಾಲು ಬಾರ್ಬಡೋಸ್, ಜಮೈಕಾ ಮುಂತಾದ ದ್ವೀಪಗಳ ಕರಿಯರದು. ಕೂಲಿಯಲ್ಲಿ ಎರಡು ಪಟ್ಟಿಗಳಿದ್ದವು: ಬಿಳಿಯ ಅಮೆರಿಕನ್ನರಿಗೆ ‘ಚಿನ್ನದ ಪಟ್ಟಿ’, ಕರಿಯ ಕೂಲಿಗಳಿಗೆ ‘ಬೆಳ್ಳಿಯ ಪಟ್ಟಿ’. ಸಂಬಳದ ನಾಣ್ಯ ಬೇರೆ, ಊಟದ ಮನೆ ಬೇರೆ, ವಸತಿ ಬೇರೆ, ಅಂಚೆ ಕಚೇರಿಯ ಕಿಟಕಿಯೂ ಬೇರೆ. ಅಮೆರಿಕ ಅಗೆದ ಆ 10 ವರ್ಷಗಳಲ್ಲಿ ಸತ್ತವರು 5,609 ಮಂದಿ ಎಂಬುದು ಅವರದೇ ಅಧಿಕೃತ ಲೆಕ್ಕ. ಹೊಸ ಬಟ್ಟೆ ತೊಟ್ಟು, ಗಡಿಯಾರದ ಸರಪಳಿ ಇಳಿಬಿಟ್ಟುಕೊಂಡು ಊರಿಗೆ ಮರಳಿದವರೂ ಇದ್ದರು, ಮರಳದೇ ಹೋದವರೂ ಇದ್ದರು. ಡಂಕ್ಲಿಯ ತಂದೆ ಎರಡನೆಯ ಗುಂಪಿನವರು.

ಮಗ ಅಲ್ಲಿಂದ ಮುಂದೆ ಹಲವು ವರ್ಷ ಅಲೆದರು. ಮಧ್ಯ ಅಮೆರಿಕದಲ್ಲಿ ತಿರುಗಿದರು, ಹಡಗಿನಲ್ಲಿ ದುಡಿದು ದೂರದ ಬಂದರುಗಳನ್ನು ಕಂಡರು, ಪನಾಮಾದಲ್ಲಿ ನೆಲೆ ನಿಂತಾಗ ಕ್ಷೌರದ ಕಸುಬು ಹಿಡಿದರು. ಚಿತ್ರ ಬರೆಯುವ ಹವ್ಯಾಸವೂ ಈ ಅಲೆದಾಟದ ದಿನಗಳಲ್ಲೇ ಅಂಟಿಕೊಂಡಿತು. 1930ರ ಸುಮಾರಿಗೆ ಜಮೈಕಾಕ್ಕೆ ಮರಳಿ, ಕಿಂಗ್‌ಸ್ಟನ್‌ನ ಕೆಳಪೇಟೆಯ ಪ್ರಿನ್ಸೆಸ್ ಬೀದಿಯಲ್ಲಿ ಕ್ಷೌರದಂಗಡಿ ತೆರೆದರು.

ಆ ಅಂಗಡಿಯೇ ಅವರ ಮೊದಲ ಪ್ರದರ್ಶನ ಎನ್ನಬೇಕು. ಗೋಡೆ, ಪೀಠೋಪಕರಣ ಎನ್ನದೆ ಎಲ್ಲೆಡೆ ಹೂವು, ಬಳ್ಳಿ, ಎಲೆಗಳ ಚಿತ್ತಾರ ಬರೆದಿದ್ದರು. ಕ್ಷೌರದಂಗಡಿ ಯಾವ ಊರಿನಲ್ಲಾದರೂ ಹರಟೆಯ ಜಾಗ. ಜಗತ್ತಿನ ಸುದ್ದಿಯೆಲ್ಲ ಅಲ್ಲಿಗೆ ಬಂದು ಬೀಳುತ್ತದೆ. ಕಡಲು ಸುತ್ತಿ ಬಂದ ಕ್ಷೌರಿಕರ ಅಂಗಡಿಯಲ್ಲಿ ಹರಟೆಯ ಹರಹು ಇನ್ನೂ ದೊಡ್ಡದಿದ್ದಿರಬೇಕು ಎಂದು ನನ್ನ ಊಹೆ.

1930ರ ದಶಕದ ನಡುವಿನಲ್ಲಿ ಈ ಚಿತ್ತಾರ ಡೆಲ್ವ್ಸ್ ಮೋಲ್ಸ್‌ವರ್ತ್ ಎಂಬ ಇಂಗ್ಲಿಷ್ ಅಧಿಕಾರಿಯ ಕಣ್ಣಿಗೆ ಬಿತ್ತು. ಅವರು ಇನ್‌ಸ್ಟಿಟ್ಯೂಟ್ ಆಫ್ ಜಮೈಕಾದ ಕಾರ್ಯದರ್ಶಿಯಾಗಿದ್ದರು. 1879ರಲ್ಲಿ ಶುರುವಾದ ಆ ಸಂಸ್ಥೆ ದ್ವೀಪದ ಸಾಹಿತ್ಯ, ವಿಜ್ಞಾನ, ಕಲೆಗಳ ಹಿರಿಮನೆ. ಮೋಲ್ಸ್‌ವರ್ತ್ ಮುಂದೆ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಹೆಸರು ಮಾಡಿದವರು, ಅಂದರೆ ನೋಡಬಲ್ಲ ಕಣ್ಣಿದ್ದವರು. ಅವರು ಡಂಕ್ಲಿಯನ್ನು ಹುರಿದುಂಬಿಸಿದರು. ಸಂಸ್ಥೆಯ ಕಲಾ ತರಗತಿಗೆ ಬರುವಂತೆ ಕರೆಯೂ ಬಂತು. ಡಂಕ್ಲಿ ಹೋಗಲಿಲ್ಲ. ತಾನು ವಸ್ತುಗಳನ್ನು ನೋಡುವ ರೀತಿಯೇ ತುಸು ಬೇರೆ ಎಂಬುದು ಅವರು ಕೊಟ್ಟ ಕಾರಣ.

ಗುರುವಿಲ್ಲದೆ ಕಲಿತವರ ಮಾತು ಬಂದರೆ ನಮ್ಮಲ್ಲಿ ಕೂಡಲೇ ಏಕಲವ್ಯನ ಹೆಸರೆತ್ತುತ್ತಾರೆ. ಆದರೆ ಏಕಲವ್ಯನಿಗೆ ದ್ರೋಣರು ಬೇಕಾಗಿದ್ದರು, ಒಲ್ಲೆ ಎಂದವರು ದ್ರೋಣರು. ಇಲ್ಲಿ ಗುರುಕುಲವೇ ಬಂದು ಅಂಗಡಿಯ ಬಾಗಿಲು ತಟ್ಟಿತು, ಒಲ್ಲೆ ಎಂದವರು ಶಿಷ್ಯರಾಗಬೇಕಿದ್ದವರು. ‘ಸ್ವಯಂಶಿಕ್ಷಿತ’ ಎಂಬ ಪದದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಶಾಲೆ ಸಿಗದವರನ್ನೂ ಶಾಲೆಯನ್ನು ಬೇಡವೆಂದವರನ್ನೂ ಅದು ಒಂದೇ ಬೆಂಚಿನಲ್ಲಿ ಕೂರಿಸಿಬಿಡುತ್ತದೆ.

ಈಗ ಚಿತ್ರಗಳಿಗೆ ಬರೋಣ. ಡಂಕ್ಲಿ ಬರೆದ ಚಿತ್ರಗಳಲ್ಲಿ ಉಳಿದು ಬಂದಿರುವುದು ಸುಮಾರು 50 ಮಾತ್ರ. ಜೊತೆಗೆ ಒಂದಿಷ್ಟು ಶಿಲ್ಪಗಳಿವೆ. ಕಡಿಮೆ ಎನಿಸಬಹುದು, ಆದರೆ ಈ ಚಿತ್ರಗಳ ಮೈ ನೋಡಿದರೆ ಅವಸರದ ಕೆಲಸವಲ್ಲವೆಂದು ತಿಳಿಯುತ್ತದೆ. ಪ್ಲೈವುಡ್ಡಿನ ಮೇಲೋ ಕ್ಯಾನ್ವಾಸಿನ ಮೇಲೋ ಎಲೆಯ ಮೇಲೆ ಎಲೆ, ನಾರಿನ ಪಕ್ಕ ನಾರು ಎಂಬಂತೆ ಬಣ್ಣ ಕೂಡಿಸಿದ್ದಾರೆ. ದೂರದಿಂದ ಬರೀ ಕತ್ತಲೆ ಕಾಣುತ್ತದೆ. ಹತ್ತಿರ ಹೋಗಿ ಕಣ್ಣು ಹೊಂದಿಕೊಳ್ಳಲು ಬಿಟ್ಟರೆ, ರಾತ್ರಿ ದೀಪ ಹೋದ ಮನೆಯಲ್ಲಿ ಪಾತ್ರೆ ಪಡಗ ಒಂದೊಂದಾಗಿ ಗೋಚರಿಸುವ ಹಾಗೆ, ಬಳ್ಳಿಯ ತಂತು, ಮೊಗ್ಗು, ಜೇಡರ ಬಲೆ, ಹಕ್ಕಿ, ಏಡಿ ಹೊರಬರುತ್ತವೆ.

ಈ ಚಿತ್ರಗಳನ್ನು ಓದಲು ಮೂರು ಹಿಡಿಕೆಗಳು ನನಗೆ ನೆರವಾಗಿವೆ. ಮೊದಲನೆಯದು ಅಳತೆ. ಡಂಕ್ಲಿಯ ಕಾಡಿನಲ್ಲಿ ಗಿಡ ದೊಡ್ಡದೋ ಪ್ರಾಣಿ ಚಿಕ್ಕದೋ ಹೇಳಲಾಗದು. ಹೂವೊಂದು ಮರದಷ್ಟಿರುತ್ತದೆ, ಪಕ್ಕದ ಹಾದಿ ಮನುಷ್ಯರದೋ ಮೊಲದ್ದೋ ಗೊತ್ತಾಗದು. ದೂರದ್ದು ಚಿಕ್ಕದಾಗಬೇಕು, ಹತ್ತಿರದ್ದು ದೊಡ್ಡದಾಗಬೇಕು ಎಂಬ ಚಿತ್ರಶಾಲೆಯ ನಿಯಮ ಇಲ್ಲಿ ನಡೆಯುವುದಿಲ್ಲ. ತರಬೇತಿ ಇಲ್ಲದ್ದರಿಂದ ಹೀಗಾಯಿತು ಎಂದು ಹೇಳಿ ಮುಗಿಸುವವರಿದ್ದಾರೆ. ಆದರೆ ಬೇಕೆಂದ ಕಡೆ ಹಾದಿಯನ್ನು ಒಳಕ್ಕೆ, ಆಳಕ್ಕೆ ಸೆಳೆದುಕೊಂಡು ಹೋಗುವುದು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ನೋಡುಗ ತನ್ನ ಗಾತ್ರವನ್ನೇ ಅನುಮಾನಿಸುವಂತೆ ಮಾಡುವುದು ಆಕಸ್ಮಿಕವಾಗಿ 50 ಸಲ ಆಗುವ ಕೆಲಸವಲ್ಲ.

ಎರಡನೆಯದು ಕಡಿದ ಮರ. ಚಿತ್ರದ ಮೇಲೆ ಚಿತ್ರದಲ್ಲಿ, ಕೊಂಬೆಯೋ ತುದಿಯೋ ತುಂಡಾದ ಕಾಂಡಗಳು ಕೈ ಕತ್ತರಿಸಿಕೊಂಡವರಂತೆ ನಿಂತಿರುತ್ತವೆ. ವಿಮರ್ಶಕರು ಇವುಗಳಲ್ಲಿ ಕಾಮವನ್ನೂ ಮರಣವನ್ನೂ, ಗರ್ಭವನ್ನೂ ಗೋರಿಯನ್ನೂ ಕಂಡಿದ್ದಾರೆ. ಹಾಗೆ ಓದಲು ಚಿತ್ರಗಳು ಅಡ್ಡಿಮಾಡುವುದಿಲ್ಲ. ತಂದೆಯ ಮುಖ ಕಾಣುವ ಮೊದಲೇ ತಂದೆಯನ್ನು ಕಳೆದುಕೊಂಡ ಮಗನನ್ನೂ ಅಲ್ಲಿ ಕಾಣಬಹುದು. ದಿನವಿಡೀ ಕತ್ತರಿಯ ಕೆಲಸ ಮಾಡುವ ಕೈ ಸಂಜೆ ಕುಂಚ ಹಿಡಿದಾಗಲೂ ಕತ್ತರಿಸುವುದನ್ನು ಬಿಡಲಿಲ್ಲ ಎಂದು ನನಗೆ ಒಮ್ಮೊಮ್ಮೆ ಅನಿಸುವುದುಂಟು. ಅದು ಬರೀ ನನ್ನ ಕಲ್ಪನೆ, ಬಿಡಿ.

ಆದರೆ ಕಡಿದ ಮರಕ್ಕೆ, ಅದರಲ್ಲೂ ಬಾಳೆಗೆ, ಆ ಕಾಲದ ಜಮೈಕಾದಲ್ಲಿ ಮಣ್ಣಿನ ಮಟ್ಟದ ಅರ್ಥವೂ ಇತ್ತು. ಡಂಕ್ಲಿ 1945ರ ಸುಮಾರಿಗೆ ಬರೆದ ಒಂದು ಪ್ರಸಿದ್ಧ ಚಿತ್ರದ ಹೆಸರೇ ‘ಬಾಳೆ ತೋಟ’. ಅಂಚೆ ಕಾರ್ಡಿನ ಓರಣದ ತೋಟ ಅದಲ್ಲ; ರಾತ್ರಿ ಒಬ್ಬರೇ ಹೋಗಲು ಹೆದರುವಂಥದ್ದು. ದ್ವೀಪದ ರಫ್ತಿನ ಬೆನ್ನೆಲುಬಾಗಿದ್ದ ಗ್ರೋ ಮಿಶೆಲ್ ಎಂಬ ಬಾಳೆಯ ತಳಿಯನ್ನು ಆ ದಶಕಗಳಲ್ಲಿ ಬೇರಿನಿಂದ ಏರುವ ಶಿಲೀಂಧ್ರವೊಂದು ತಿನ್ನುತ್ತಿತ್ತು. ಎಲೆ ಹಳದಿಯಾಗಿ ಜೋತುಬಿದ್ದು, ಕಾಂಡ ಸೀಳಿ, ಗಿಡ ನಿಂತಲ್ಲೇ ಸೊರಗುತ್ತದೆ. ಒಮ್ಮೆ ಮಣ್ಣು ಹೊಕ್ಕರೆ ಆ ಶಿಲೀಂಧ್ರ ದಶಕಗಟ್ಟಲೆ ಹೋಗುವುದಿಲ್ಲ. ಅದಕ್ಕೆ ಅಂಟಿಕೊಂಡ ಹೆಸರು ಪನಾಮಾ ರೋಗ. ನಮ್ಮ ನಂಜನಗೂಡು ರಸಬಾಳೆ ತೋಟಗಳಿಂದ ಮಾಯವಾಗುತ್ತ ಬಂದದ್ದಕ್ಕೂ ಮುಖ್ಯ ಕಾರಣ ಇದೇ ಪನಾಮಾ ಸೊರಗು ರೋಗ. ಆದ್ದರಿಂದ ಬಾಳೆ ತೋಟವೊಂದು ಕತ್ತಲಾಗುವುದು ಎಂದರೇನು ಎಂಬುದನ್ನು ಮೈಸೂರು ಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಡಂಕ್ಲಿ ರೋಗದ ಚಿತ್ರ ಬರೆದರು ಎಂದು ನಾನು ಹೇಳುತ್ತಿಲ್ಲ. ಬಾಳೆಗೂ ಪನಾಮಾಕ್ಕೂ ಸಾವಿಗೂ ನಂಟಿದ್ದ ನಾಡಿನಲ್ಲಿ, ಪನಾಮಾದಿಂದ ಬಂದ ಮನುಷ್ಯರೊಬ್ಬರು ಬಾಳೆ ತೋಟವನ್ನು ಹೀಗೆ ಕಂಡರು ಎಂಬಷ್ಟನ್ನು ಪಕ್ಕಪಕ್ಕ ಇಡುತ್ತಿದ್ದೇನೆ.

ಮೂರನೆಯದು ಬೆಳಕು, ಅಥವಾ ಅದರ ಗೈರುಹಾಜರಿ. ಹಿರಣ್ಯಕಶಿಪುವಿನ ವರದಲ್ಲಿ ಬರುವ ಹಾಗೆ ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು ಇದು. ಸೂರ್ಯನಿಲ್ಲ, ಚಂದ್ರನೂ ಇಲ್ಲ, ಆದರೂ ಎಲೆಗಳ ಅಂಚು ತಮ್ಮಷ್ಟಕ್ಕೆ ಹೊಳೆಯುತ್ತವೆ. ಪ್ರವಾಸೋದ್ಯಮ ಮಾರುತ್ತಿದ್ದ ಬಿಸಿಲ ದ್ವೀಪಕ್ಕೆ ಇದು ಉತ್ತರವೇ? ಡಂಕ್ಲಿ ಹಾಗೆಂದು ಎಲ್ಲೂ ಘೋಷಿಸಲಿಲ್ಲ. ಆದರೆ ಅವರ ಕಾಲದ ಜಮೈಕಾ ನಗುನಗುತ್ತ ಇರಲಿಲ್ಲ ಎಂಬುದಂತೂ ದಿಟ. ಅವರು ಹುಟ್ಟಿದ ವೆಸ್ಟ್‌ಮೋರ್‌ಲ್ಯಾಂಡ್ ಸೀಮೆಯ ಫ್ರೋಮ್ ಸಕ್ಕರೆ ಎಸ್ಟೇಟಿನಲ್ಲಿ 1938ರಲ್ಲಿ ಕೂಲಿಗಾಗಿ ಕಾರ್ಮಿಕರು ಎದ್ದರು, ಪೊಲೀಸರು ಗುಂಡು ಹಾರಿಸಿದರು, ಕಿಚ್ಚು ಕಿಂಗ್‌ಸ್ಟನ್ ತನಕ ಹಬ್ಬಿತು. ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಬಂದದ್ದು 1944ರಲ್ಲಿ. ಡಂಕ್ಲಿಯ ಮುಖ್ಯ ಚಿತ್ರಗಳೆಲ್ಲ ಹೆಚ್ಚುಕಡಿಮೆ ಈ ವರ್ಷಗಳವು.

ಒಂದು ಚಿತ್ರದ ಹೆಸರು ‘ಜರ್ಬೋವ’. ಜರ್ಬೋವ ಎಂದರೆ ಉದ್ದ ಹಿಂಗಾಲುಗಳ ಮೇಲೆ ಕುಪ್ಪಳಿಸುವ ಇಲಿಯ ಜಾತಿಯ ಪುಟ್ಟ ಪ್ರಾಣಿ. ಅದರ ನೆಲೆ ಉತ್ತರ ಆಫ್ರಿಕಾ ಮತ್ತು ಏಷ್ಯಾದ ಮರುಭೂಮಿಗಳು. ಜಮೈಕಾದಲ್ಲಿ ಅದು ಇಲ್ಲ. 1939ರಲ್ಲಿ ಕಿಂಗ್‌ಸ್ಟನ್‌ನ ಕ್ಷೌರದಂಗಡಿಗೆ ಅದು ಬಂದದ್ದು ಯಾವುದಾದರೂ ಸಚಿತ್ರ ಪತ್ರಿಕೆಯಿಂದಲೋ ನಾವಿಕರ ಮಾತಿನಿಂದಲೋ ಇರಬೇಕು. ಏನೇ ಇರಲಿ, ‘ಏನೂ ಓದದ, ತನ್ನ ಸುತ್ತಲಿನದನ್ನು ಮುಗ್ಧವಾಗಿ ಬರೆದ ಹಳ್ಳಿಗ’ ಎಂಬ ಚಿತ್ರಣಕ್ಕೆ ಈ ಪುಟ್ಟ ಪ್ರಾಣಿಯೇ ಎದುರುಸಾಕ್ಷಿ.

ಶಿಲ್ಪಗಳದು ಬೇರೆಯೇ ಜಾಯಮಾನ. ಚಿತ್ರಗಳಿಂದ ಹೊರಗೆ ಕಳುಹಿಸಿದ ಮನುಷ್ಯರೆಲ್ಲ ಮರದಲ್ಲಿ ಬಂದು ಕೂತಿದ್ದಾರೆ. ‘ಓಲ್ಡ್ ಜೋ’ ಎಂಬ ಮುದುಕನಿದ್ದಾನೆ, ‘ಆಕ್ರೋಬ್ಯಾಟ್’ ಎಂಬ ಲಾಗ ಹಾಕುವವನಿದ್ದಾನೆ. ಜಮೈಕಾದಲ್ಲಿ ಬೆಳೆಯುವ ಲಿಗ್ನಮ್ ವೀಟೆ ಎಂಬ ಮರವನ್ನೂ ಅವರು ಕೆತ್ತಿದರು. ಇದು ಲೋಕದ ಅತಿ ಗಟ್ಟಿ ಮರಗಳಲ್ಲಿ ಒಂದು, ನೀರಿಗೆ ಹಾಕಿದರೆ ಮುಳುಗುತ್ತದೆ, ಉಳಿಯ ಬಾಯಿಯನ್ನೇ ಮೊಂಡಾಗಿಸುತ್ತದೆ. ಅಂಥ ಮರದಲ್ಲಿ ಕೈಕಾಲು ಚಾಚಿದ, ಚೂಪಾದ ಆಕಾರಗಳನ್ನು ತೆಗೆಯುವುದು ಕಷ್ಟ. ದಿಮ್ಮಿಯ ಒಳಗೇ ಮುದುರಿ ಕೂತಂಥ, ದುಂಡಗಿನ, ಬಿಗಿಯಾದ ಮೈಗಳು ಹುಟ್ಟುವುದು ಸಹಜ. ಪಾಠ ಹೇಳಿದ್ದು ಮರ.

ಅದೇ ಹೊತ್ತಿನಲ್ಲಿ ಕಿಂಗ್‌ಸ್ಟನ್‌ನ ಇನ್ನೊಂದು ತುದಿಯಲ್ಲಿ ಬೇರೊಂದು ಬಗೆಯ ಕಲೆ ಮೈದಳೆಯುತ್ತಿತ್ತು. ಇಂಗ್ಲೆಂಡಿನಲ್ಲಿ ಹುಟ್ಟಿ, ಅಲ್ಲೇ ಶಿಲ್ಪಕಲೆ ಕಲಿತು, 1922ರಲ್ಲಿ ಜಮೈಕಾಕ್ಕೆ ಬಂದ ಎಡ್ನಾ ಮ್ಯಾನ್ಲಿ ಮತ್ತು ಅವರ ಸುತ್ತಲಿನ ಕಲಾವಿದರು ರಾಷ್ಟ್ರೀಯ ಕಲೆಯನ್ನು ಕಟ್ಟಲು ಹೊರಟಿದ್ದರು. ತಲೆಯೆತ್ತಿ ಬೆಳಕಿನ ಕಡೆ ನೋಡುವ ಕರಿಯ ದೇಹ ಅವರ ಮುಖ್ಯ ರೂಪಕ. ಮ್ಯಾನ್ಲಿಯವರ 1935ರ ‘ನೀಗ್ರೋ ಅರೌಸ್ಡ್’ ಅದರ ಹೆಸರಾಂತ ಉದಾಹರಣೆ. ಡಂಕ್ಲಿಯ ಕತ್ತಲ ತೋಟಕ್ಕೆ ಈ ಮೆರವಣಿಗೆಯಲ್ಲಿ ಜಾಗ ಹುಡುಕುವುದು ಸುಲಭವಾಗಿರಲಿಲ್ಲ. ಡಂಕ್ಲಿ 1947ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ನಡೆದ ಸ್ಮರಣ ಪ್ರದರ್ಶನಕ್ಕಾಗಿ ಹೆಂಡತಿ ಕ್ಯಾಸಿ ಡಂಕ್ಲಿ ಗಂಡನ ಬದುಕಿನ ಪುಟ್ಟ ವೃತ್ತಾಂತವೊಂದನ್ನು ಬರೆದುಕೊಟ್ಟರು. ಇಂದಿಗೂ ಅವರ ಅಲೆದಾಟದ ಬಗ್ಗೆ ಬರೆಯುವವರೆಲ್ಲ ಆ ಬರಹದ ಋಣದಲ್ಲಿದ್ದಾರೆ. ಕಲಾವಿದರ ಹೆಂಡಂದಿರು ಅಡಿಟಿಪ್ಪಣಿಯಾಗಿ ಉಳಿಯುವುದೇ ವಾಡಿಕೆ. ಇಲ್ಲಿ ಮೂಲಪಠ್ಯವೇ ಹೆಂಡತಿಯದು.

ಆಮೇಲೆ ಬಂದದ್ದು ಹೆಸರಿಡುವವರ ಕಾಲ. ಶಾಲೆ ಕಾಣದ ಕಲಾವಿದರನ್ನು ಯುರೋಪಿನವರು ‘ಪ್ರಿಮಿಟಿವ್’ ಎನ್ನುತ್ತಿದ್ದರು, ಅಂದರೆ ಆದಿಮ. ಗುಲಾಮಗಿರಿಯಿಂದ ಹೊರಬಂದ ಸಮಾಜವೊಂದರಲ್ಲಿ ಕರಿಯ ಕಲಾವಿದನನ್ನು ಆದಿಮ ಎನ್ನುವುದರ ವಾಸನೆ ಎಂಥದ್ದೆಂದು ವಿವರಿಸಬೇಕಿಲ್ಲ. ಇನ್ನು ಕೆಲವರು ‘ನಯೀವ್’ ಎಂದರು, ಅಂದರೆ ಮುಗ್ಧ; ಜರ್ಬೋವ ಬರೆದವರನ್ನು ಹಾಗೆನ್ನುವುದು ಹೇಗೆ? 1974ರಲ್ಲಿ ನ್ಯಾಷನಲ್ ಗ್ಯಾಲರಿ ಆಫ್ ಜಮೈಕಾ ಆರಂಭವಾಯಿತು. ಅದನ್ನು ಮುಂದೆ ದಶಕಗಳ ಕಾಲ ರೂಪಿಸಿದ ಡೇವಿಡ್ ಬಾಕ್ಸರ್ ಸ್ವತಃ ಚಿತ್ರಕಾರ, ಇಂಗ್ಲಿಷ್ ಕಲಾವಿದ ಫ್ರಾನ್ಸಿಸ್ ಬೇಕನ್ ಮೇಲೆ ಡಾಕ್ಟರೇಟ್ ಪಡೆದ ವಿದ್ವಾಂಸ. ಈ ಎರಡೂ ಪದಗಳನ್ನು ಬದಿಗೆ ಸರಿಸಿ ಅವರು 1979ರ ಪ್ರದರ್ಶನವೊಂದರಲ್ಲಿ ‘ಇಂಟ್ಯುಯಿಟಿವ್’ ಎಂಬ ಪದವನ್ನು ಮುಂದಿಟ್ಟರು. ಸಿದ್ಧಾಂತದಿಂದಲ್ಲ, ಒಳಗಿನ ಕಾಣ್ಕೆಯಿಂದ ಕೆಲಸ ಮಾಡುವವರು ಎಂಬ ಅರ್ಥ. ಡಂಕ್ಲಿಯನ್ನು ಆ ಸಾಲಿನ ಹಿರಿಯರಾಗಿ ನಿಲ್ಲಿಸಿದರು.

ಅದೇ ಸಾಲಿನ ಮತ್ತೊಬ್ಬ ದೈತ್ಯ, ಕ್ಯಾಪೊ ಎಂದೇ ಹೆಸರಾದ ಮ್ಯಾಲಿಕಾ ರೆನಾಲ್ಡ್ಸ್. 1911ರಲ್ಲಿ ಹುಟ್ಟಿ 1989ರ ತನಕ ಬಾಳಿದ ಅವರೂ ಶಾಲೆಯಿಲ್ಲದೆ ಚಿತ್ರ, ಶಿಲ್ಪ ಎರಡನ್ನೂ ಮಾಡಿದವರು. ಹೋಲಿಕೆ ಅಲ್ಲಿಗೆ ಮುಗಿಯಿತು. ಕ್ಯಾಪೊ ರಿವೈವಲ್ ಪಂಥದ ಗುರು. 1860-61ರ ಧಾರ್ಮಿಕ ಅಲೆಯಲ್ಲಿ, ಕ್ರೈಸ್ತ ನಂಬಿಕೆಯೂ ಆಫ್ರಿಕಾದಿಂದ ಬಂದ ಆಚರಣೆಗಳೂ ಕೂಡಿ ಹುಟ್ಟಿದ ಪಂಥ ಅದು. ರುಮಾಲು, ತಮಟೆ, ಮೈಮೇಲೆ ಬರುವ ಆತ್ಮಗಳು ಎಲ್ಲ ಅಲ್ಲುಂಟು. ನಮ್ಮ ಊರಮ್ಮನ ಜಾತ್ರೆಗೆ ಮೂಗು ಮುರಿಯುವ ಪೇಟೆಯ ಜನ ಇರುವಂತೆ ಅದಕ್ಕೂ ಮೂಗು ಮುರಿಯುತ್ತಿದ್ದ ಮಧ್ಯಮವರ್ಗ ಅಲ್ಲಿತ್ತು. ಕ್ಯಾಪೊ ಚಿತ್ರಗಳಲ್ಲಿ ಗುಡ್ಡಗಳು ಬೆಳಗುತ್ತವೆ, ಜನ ಕುಣಿಯುತ್ತಾರೆ, ಹಣ್ಣಿನ ಮರಗಳು ತೂಗುತ್ತವೆ. ಡಂಕ್ಲಿಯಲ್ಲಿ ದೇವರೂ ಮೌನ, ಜನರೂ ಇಲ್ಲ. ಇಬ್ಬರಿಗೂ ಒಂದೇ ಹಣೆಪಟ್ಟಿ ಹಚ್ಚಲು ಇರುವ ಒಂದೇ ಕಾರಣ, ಇಬ್ಬರೂ ಕಲಾಶಾಲೆಗೆ ಹೋಗಲಿಲ್ಲ ಎಂಬುದು. ಇದು ಒಂದು ಹೋಟೆಲಿನ ಊಟ ಮಾಡದವರನ್ನೆಲ್ಲ ಒಂದೇ ಜಾತಿಗೆ ಸೇರಿಸಿದ ಹಾಗೆ. ಬಾಕ್ಸರ್ ಪದ ಹಳೆಯ ಪದಗಳಿಗಿಂತ ನೂರು ಪಾಲು ಮೇಲು, ಅದರಿಂದ ಈ ಕಲಾವಿದರಿಗೆ ಗೋಡೆಯೂ ಗೌರವವೂ ಸಿಕ್ಕವು. ಆದರೂ ಅದು ಬೇಲಿಯೇ; ‘ಮುಖ್ಯವಾಹಿನಿ’ಯ ಕಲಾವಿದರು ಬೇಲಿಯ ಆಚೆ ಉಳಿದರು. ಒಳಗಿನ ಕಾಣ್ಕೆ ಎಡ್ನಾ ಮ್ಯಾನ್ಲಿಗೂ ಇತ್ತಲ್ಲ, ಅವರನ್ನೇಕೆ ಯಾರೂ ಹಾಗೆ ಕರೆಯಲಿಲ್ಲ ಎಂಬ ಪ್ರಶ್ನೆಗೆ ಬೇಲಿ ಹಾಕಿದವರ ಬಳಿ ಒಳ್ಳೆಯ ಉತ್ತರವಿರಲಿಲ್ಲ.

2017ರ ಮೇ ತಿಂಗಳಲ್ಲಿ ಡಂಕ್ಲಿಯ ಚಿತ್ರ, ಶಿಲ್ಪಗಳ ದೊಡ್ಡ ಪ್ರದರ್ಶನವೊಂದು ಅಮೆರಿಕದ ಮಯಾಮಿಯಲ್ಲಿ ತೆರೆಯಿತು. ಅದಕ್ಕೆ ಇಟ್ಟ ಹೆಸರು ‘ಹಗಲೂ ಅಲ್ಲ, ಇರುಳೂ ಅಲ್ಲ’. ಡಂಕ್ಲಿಗಾಗಿ ಬದುಕಿಡೀ ವಾದಿಸಿದ ಬಾಕ್ಸರ್ ಅದೇ ತಿಂಗಳು ತೀರಿಕೊಂಡರು. ಮಯಾಮಿಯ ಪೆರೆಸ್ ವಸ್ತುಸಂಗ್ರಹಾಲಯ ಆಧುನಿಕ ಮತ್ತು ಸಮಕಾಲೀನ ಕಲೆಗೆ ಮೀಸಲಾದದ್ದು, ಹಾಗಾಗಿ ಅಲ್ಲಿ ಡಂಕ್ಲಿ ಆಧುನಿಕ ಕಲಾವಿದ. ಮರುವರ್ಷ ಅದು ಕಿಂಗ್‌ಸ್ಟನ್‌ನ ನ್ಯಾಷನಲ್ ಗ್ಯಾಲರಿಗೆ ಬಂತು, ಅಲ್ಲಿ ಅವರು ರಾಷ್ಟ್ರದ ಕಲಾವಿದ. ಅಲ್ಲಿಂದ ನ್ಯೂಯಾರ್ಕಿನ ಅಮೆರಿಕನ್ ಫೋಕ್ ಆರ್ಟ್ ಮ್ಯೂಸಿಯಮ್ಮಿಗೆ ಹೋಯಿತು. ಜಾನಪದ ಕಲೆಯ ಹೆಸರು ಹೊತ್ತ ಕಟ್ಟಡವದು. ಮೂರು ಊರು, ಮೂರು ಬಾಗಿಲು, ಮೂರು ನಾಮಫಲಕ. ಒಳಗೆ ಗೋಡೆಗೆ ತೂಗುಹಾಕಿದ್ದು ಮಾತ್ರ ಪ್ರಿನ್ಸೆಸ್ ಬೀದಿಯ ಅದೇ ತೋಟ.